ಅಳಿಸು ಎನ್ನುವ ಗುಂಡಿ ಮತ್ತು ಆಳಂದದ 6,018 ಅರ್ಜಿಗಳು

ವೆಬ್ ಸರ್ವಿಸ್ ಅಂದರೆ ಮುಖ್ಯವಾಗಿ ನಾಲ್ಕೇ ಕೆಲಸ: ಓದು, ಸೇರಿಸು, ತಿದ್ದು, ಅಳಿಸು. ಕೊನೆಯದರ ಬಗ್ಗೆ ನಾವು ಇಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಅದು ಎಷ್ಟು ದುಬಾರಿ ಆಗಬಹುದು ಅಂತ ತಿಳಿಯಬೇಕಾದರೆ ಕಲಬುರಗಿ ಜಿಲ್ಲೆಯ ಇತ್ತೀಚಿನ ಇತಿಹಾಸ ನೋಡಬೇಕು.

ಆಳಂದ, ಅಫಜಲಪುರ, ಜೇವರ್ಗಿ ಈ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳು. ದೇಶದ ಮೊದಲ ಚುನಾವಣೆಯ ಹೊತ್ತಿಗೆ ಈ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು, 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿದವು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಇರುವುದು 1960ರ ನಿಯಮಗಳ ನಮೂನೆ 7. ಕಾಗದದ ಕಾಲದಲ್ಲಿ ಸಾವಿರಾರು ಸುಳ್ಳು ಅರ್ಜಿ ಹಾಕಬೇಕಾದರೆ ಸಾವಿರಾರು ಹಾಳೆ ತುಂಬಿ, ಸಹಿ ಹಾಕಿ, ಕಚೇರಿಗೆ ಹೊತ್ತು ತರಬೇಕಿತ್ತು. ಆ ಶ್ರಮವೇ ಒಂದು ಕಾವಲು! ಯಾರೂ ಅದನ್ನು ಡಿಸೈನ್ ಮಾಡಿರಲಿಲ್ಲ, ಅಷ್ಟೇ.

ಆನ್‌ಲೈನ್ ಬಂತು, ಆ ಕಾವಲು ಹೋಯಿತು. ಮೊಬೈಲ್ ನಂಬರ್ ಒಂದನ್ನು ಯಾವುದೋ ಗುರುತಿನ ಚೀಟಿ ಸಂಖ್ಯೆಗೆ ಜೋಡಿಸಿದರೆ ಸಾಕು, ಅರ್ಜಿ ಹೋಗುತ್ತಿತ್ತು. ಆ ಚೀಟಿ ನಿಮ್ಮದೇನಾ ಅಂತ ಕೇಳುವವರಿಲ್ಲ. 2023ರ ಮೇ 10ರ ಮತದಾನಕ್ಕೆ ಕೆಲವು ತಿಂಗಳ ಮುಂಚೆ ಆಳಂದ ಒಂದರಲ್ಲೇ 6,018 ಆನ್‌ಲೈನ್ ಅರ್ಜಿ ಬಂದವು. ಯಾರ ಹೆಸರಲ್ಲಿ ಅರ್ಜಿ ಹೋಗಿತ್ತೋ ಅವರಲ್ಲಿ ಹಲವರಿಗೆ ವಿಷಯವೇ ಗೊತ್ತಿರಲಿಲ್ಲ. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24, ಅಂದರೆ ಸಾವಿರಕ್ಕೆ ನಾಲ್ಕು. ಉಳಿದ 5,994 ತಿರಸ್ಕೃತ. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ದೂರು ದಾಖಲಾಯಿತು.

ಆ 5,994 ಹೆಸರು ಉಳಿದದ್ದು ಹೇಗೆ? ಅರ್ಜಿ ಬಂದ ಕೂಡಲೇ ಸಾಲು ಡಿಲೀಟ್ ಆಗುತ್ತಿರಲಿಲ್ಲ. ನಡುವೆ ಒಬ್ಬ ಮನುಷ್ಯ ಪರಿಶೀಲಿಸುವ ಹಂತ ಇತ್ತು. ಹಳೆಯ ಕಾಗದದ ವ್ಯವಸ್ಥೆಯಿಂದ ಉಳಿದುಬಂದ ಈ ನಿಧಾನವೇ ಜನರ ಮತ ಕಾಪಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ಅಳಿಸು’ ಅನ್ನುವುದು ಆಜ್ಞೆ ಆಗಿರಲಿಲ್ಲ, ಬರೀ ಕೋರಿಕೆ ಆಗಿತ್ತು.

ಪ್ರಕರಣ ದೇಶದಾದ್ಯಂತ ಸುದ್ದಿಯಾದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಕಳಿಸಿ ಇ-ಸಹಿ ಪಡೆಯುವ ಕ್ರಮ ತಂದಿತು. ಸರಿಯೇ. ಆದರೆ ಅದು ಅರ್ಜಿ ಹಾಕಿದವನು ಯಾರು ಅಂತ ಹೇಳುತ್ತದೆ, ಅವನು ಹೇಳಿದ್ದು ನಿಜವೇ ಅಂತ ಹೇಳುವುದಿಲ್ಲ. ಹಾಗಾಗಿ ನನ್ನ ಪಟ್ಟಿ ಇದು:

೧. ಕೇಳುವವನ ಗುರುತು ಖಚಿತವಾಗಲಿ.
೨. ಯಾರ ದಾಖಲೆ ಅಳಿಯುತ್ತದೋ ಅವರಿಗೆ ಮೊದಲೇ ತಿಳಿಯಲಿ.
೩. ಒಂದೇ ಕಡೆಯಿಂದ ರಾಶಿ ಕೋರಿಕೆ ಬಂದರೆ ಸರ್ವಿಸ್ ತಾನೇ ನಿಲ್ಲಲಿ.
೪. ಲಾಗ್ ಉಳಿಯಲಿ.
೫. ಕೊನೆಯ ಒಪ್ಪಿಗೆ ಮನುಷ್ಯನದಿರಲಿ.

ನಾವು ವೇಗ ಹೆಚ್ಚಿಸುವ ಭರದಲ್ಲಿ ಐದನೆಯದನ್ನೇ ಮೊದಲು ಕಿತ್ತು ಹಾಕುತ್ತೇವೆ, ಅಲ್ಲವೇ? ನೀವು ಬರೆದ ಸರ್ವಿಸ್‌ಗಳಲ್ಲಿ ಹೇಗಿದೆ, ತಿಳಿಸಿ.