ಉಳಿದ ಅಡುಗೆ: ಎಷ್ಟು ಹೊತ್ತು ಇಡಬಹುದು, ಯಾರಿಗೆ ಕೊಡಬಹುದು?

2025ರ ಮಾರ್ಚ್ ತಿಂಗಳಲ್ಲಿ ಮಳವಳ್ಳಿ ತಾಲ್ಲೂಕಿನ ಟಿ. ಕಾಗೇಪುರದ ಖಾಸಗಿ ವಸತಿ ಶಾಲೆಯೊಂದರ ಮಕ್ಕಳು ಊಟದ ನಂತರ ವಾಂತಿ-ಭೇದಿಯಿಂದ ಅಸ್ವಸ್ಥರಾದರು. ಹಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೇಘಾಲಯದಿಂದ ಓದಲು ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ಉಳಿಯಲಿಲ್ಲ. ಹೋಳಿ ಹಬ್ಬದ ಕಾರ್ಯಕ್ರಮವೊಂದಕ್ಕೆ ಮಾಡಿಸಿ ಮಿಕ್ಕಿದ್ದ ಊಟವನ್ನು ಆ ಮಕ್ಕಳಿಗೆ ಕೊಡಲಾಗಿತ್ತು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಮಾತ್ರವಲ್ಲ, ರಾಜ್ಯದ ಯಾವ ಊರಿನಲ್ಲಾದರೂ ಮದುವೆ, ನಾಮಕರಣ, ಪೂಜೆ ಮುಗಿದ ಮೇಲೆ ನಾವು ಮಾಡುವುದೂ ಇದನ್ನೇ. ಉಳಿದ ಅನ್ನ-ಸಾರನ್ನು ಪಾತ್ರೆಗೆ ತುಂಬಿ ಹಾಸ್ಟೆಲ್‌ಗೋ ಆಶ್ರಮಕ್ಕೋ ಕಳುಹಿಸುತ್ತೇವೆ. ಎಸೆಯಲು ಮನಸ್ಸು ಬಾರದು. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅದಕ್ಕೇ ಈ ವಿಷಯವನ್ನು ಶ್ರಾವಕ-ಶ್ರಾವಿಕೆಯರು ಕೂಲಂಕಷವಾಗಿ ತಿಳಿದಿರಬೇಕು.

ನಮ್ಮಲ್ಲಿ ಪ್ರತಿಯೊಂದು ಆಹಾರಕ್ಕೂ ಒಂದು ಮರ್ಯಾದೆ, ಅಂದರೆ ಕಾಲದ ಮಿತಿ, ಹೇಳಲಾಗಿದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಅನ್ನ, ಬೇಳೆ, ಸಾರಿನಂತಹ ನೀರಿನಂಶ ಹೆಚ್ಚಿರುವ ಅಡುಗೆಗೆ ಎರಡು ಪ್ರಹರ, ಅಂದರೆ 6 ಗಂಟೆ. ಪದ್ಧತಿಯಿಂದ ಪದ್ಧತಿಗೆ ಸ್ವಲ್ಪ ವ್ಯತ್ಯಾಸವಿದೆ, ನಿಮ್ಮ ಮನೆಯ ಹಿರಿಯರು ಹೇಳಿದ್ದನ್ನೇ ಅನುಸರಿಸಿ. ಗಮನಿಸಬೇಕಾದ ಸಂಗತಿ ಬೇರೆ: ಈ ಲೆಕ್ಕ ಗಡಿಯಾರದ ಲೆಕ್ಕ, ಮೂಗಿನ ಲೆಕ್ಕವಲ್ಲ. ರಸ, ವಾಸನೆ, ಬಣ್ಣ ಕೆಟ್ಟದ್ದು ಚಲಿತರಸ, ಅದು ಹೇಗೂ ತ್ಯಾಜ್ಯ. ಕೆಟ್ಟಂತೆ ಕಾಣದಿದ್ದರೂ ಹೊತ್ತು ಮೀರಿದ್ದನ್ನು ಬಿಡಬೇಕು ಎನ್ನುವುದು ಮರ್ಯಾದೆ.

ಇಂದಿನ ಆಹಾರ ವಿಜ್ಞಾನವೂ ಇದನ್ನೇ ಹೇಳುತ್ತದೆ. ಅನ್ನವನ್ನೇ ನೋಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಹಾಗೇ ಕೂತಿದ್ದರೆ ಮೊಳೆತು, ಬೆಳೆದು, ವಿಷವನ್ನು ಬಿಡುತ್ತವೆ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದಕ್ಕಿಂತ ಮುಖ್ಯವಾದುದು, ವಾಂತಿ ತರುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. "ಇನ್ನೊಂದು ಸಲ ಕುದಿಸಿದ್ರೆ ಆಯ್ತು" ಎಂಬ ಮಾತನ್ನು ನಮ್ಮ ಅಡುಗೆಮನೆಗಳಿಂದ ಮೊದಲು ಹೊರಗೆ ಹಾಕಬೇಕು. ಬಡಿಸುವವರ ಕೈಯಿಂದ, ಗಾಯದಿಂದ ಸೇರುವ ಸ್ಟೆಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷವೂ ಹೀಗೇ ಕುದಿತವನ್ನು ತಡೆದುಕೊಳ್ಳುತ್ತದೆ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಇವು ಬೆಳೆಯುತ್ತವೆ. ಆದ್ದರಿಂದ ಬೆಂದ ಅಡುಗೆ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು, ಹವೆ 32 ಡಿಗ್ರಿ ಮೀರಿದ ದಿನಗಳಲ್ಲಿ 1 ಗಂಟೆ ಎಂಬುದು ಈಗಿನ ಸಲಹೆ. ಮಂಡ್ಯದ ಏಪ್ರಿಲ್ ಬಿಸಿಲು ಕಂಡವರಿಗೆ ಬೇರೆ ಹೇಳಬೇಕಿಲ್ಲ. 6 ಗಂಟೆಯ ಮರ್ಯಾದೆಯನ್ನು ಕೊನೆಯ ಗಡಿ ಎಂದು ತಿಳಿಯಬೇಕು. ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಡುವುದು ಸುರಕ್ಷಿತವಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರ ಮನೆಯಲ್ಲಿ ಸಂಜೆ 5ಕ್ಕೆ ಆದ ಅಡುಗೆ ಉಳಿದರೆ ಬೆಳಗಿನ 7ಕ್ಕೆ ಅದಕ್ಕೆ 14 ಗಂಟೆ ತುಂಬಿರುತ್ತದೆ. ಆ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಮಗುವಿನ ಡಬ್ಬಿಗೆ ತುಂಬುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಡಬ್ಬಿ ತೆರೆಯುವ ಹೊತ್ತಿಗೆ ಮತ್ತೆ ಐದಾರು ಗಂಟೆ. ರಾತ್ರಿ ಭೋಜನ ಬಿಟ್ಟು ಬೆಳಿಗ್ಗೆ ರಾತ್ರಿಯ ಅನ್ನವನ್ನೇ ತಿಂದರೆ ವ್ರತದ ಫಲವೆಲ್ಲಿ! ಸಂಜೆಗೆ ಅಕ್ಕಿಯನ್ನು ಅಳೆದು ಹಾಕುವುದೇ ಸರಿಯಾದ ದಾರಿ. ಒಂದು ಹಿಡಿ ಕಡಿಮೆಯಾದರೆ ಯಾರೂ ಉಪವಾಸ ಬೀಳುವುದಿಲ್ಲ, ಒಂದು ಬಾಳೆಹಣ್ಣು ಸಾಕು.

ಹಳೆ ಮೈಸೂರು ಸೀಮೆಯ ಬಸ್ಸಾರು, ಹುರುಳಿ ಸಾರುಗಳನ್ನು ಎರಡು ಮೂರು ದಿನ ಕುದಿಸಿ ಕುದಿಸಿ ಉಣ್ಣುವ ರೂಢಿಯಿದೆ. "ಮಾರನೇ ದಿನವೇ ರುಚಿ" ಎನ್ನುವವರೂ ಇದ್ದಾರೆ. ದೊಡ್ಡ ಪಾತ್ರೆಯ ಸಾರು ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವ ರೈತರ ಪದ್ಧತಿ ಬೇರೆ. ಅಲ್ಲಿ ಹುಳಿಯೇ ಎಷ್ಟೋ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಅದನ್ನು ಹೀಗಳೆಯುವ ಕಾರಣವಿಲ್ಲ. ನಮಗೆ ಮಾತ್ರ ರಾತ್ರಿ ಕಳೆದದ್ದು ಸಲ್ಲದು. ಈರುಳ್ಳಿ ಹಾಕದೆ ಮನೆಯಲ್ಲಿ ಮಾಡಿದ ಮದ್ದೂರು ವಡೆಯಂತಹ ಕರಿದ ತಿಂಡಿಗೆ ನೀರಿನಂಶ ಕಡಿಮೆ, ಆದ್ದರಿಂದ ಮರ್ಯಾದೆಯೂ ಹೆಚ್ಚು. ಪ್ರಯಾಣಕ್ಕೆ ಕಟ್ಟಿಕೊಳ್ಳುವುದಾದರೆ ಮೊಸರನ್ನಕ್ಕಿಂತ ಅದು ಮೇಲು.

ಫ್ರಿಜ್‌ನಲ್ಲಿ ಇಡುವ ಮನೆಗಳಲ್ಲಿ 5 ಡಿಗ್ರಿಗಿಂತ ಕೆಳಗಿರಲಿ. ಅಡುಗೆಯನ್ನು ಅಗಲವಾದ, ಆಳವಿಲ್ಲದ ಪಾತ್ರೆಗೆ ಬಗ್ಗಿಸಿ ಬೇಗ ಆರಿಸಿ ಇಡಿ, ಪೂರ್ತಿ ಕುಕ್ಕರನ್ನು ಹಾಗೇ ಒಳಗೆ ತಳ್ಳಬೇಡಿ. ಕರೆಂಟ್ ಹೋದರೆ ಬಾಗಿಲು ತೆರೆಯದಿದ್ದಲ್ಲಿ ಸುಮಾರು 4 ಗಂಟೆ ತಂಪು ಉಳಿಯುತ್ತದೆ, ಅದಕ್ಕಿಂತ ಹೆಚ್ಚಾದರೆ ಬೆಂದ ಅಡುಗೆಯನ್ನು ನಂಬಬೇಡಿ. ಫ್ರಿಜ್ ಬ್ಯಾಕ್ಟೀರಿಯಾದ ವೇಗವನ್ನು ಇಳಿಸುತ್ತದೆ, ಮರ್ಯಾದೆಯನ್ನು ಹೆಚ್ಚಿಸುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ, ಕೊಬ್ಬರಿಯನ್ನು ಒರೆಸಿ, ಕತ್ತರಿಸಿ ಬಳಸುವುದು ಬೇಡ. ಅಫ್ಲಾಟಾಕ್ಸಿನ್ ಎಂಬ ವಿಷ ಅದರೊಳಗೆ ಇಳಿದಿರಬಹುದು.

ಇನ್ನು ಕೊಡುವ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು. ಮುನಿಗಳಿಗೆ ಆಹಾರ ಕೊಡುವ ದಿನ ಚೌಕದಲ್ಲಿ ನೀರಿನಿಂದ ಹಿಟ್ಟಿನವರೆಗೆ ಮರ್ಯಾದೆ ನೋಡುವ ನಾವು, ಹಾಸ್ಟೆಲ್ ಮಕ್ಕಳಿಗೆ ಕಳುಹಿಸುವಾಗ ಗಂಟೆಯನ್ನೂ ಕೇಳುವುದಿಲ್ಲ. ಸಮಾರಂಭ ನಡೆಸುವವರು ಮೊದಲೇ ಯೋಜಿಸಬೇಕು. ಊಟ ಕೊಡುವುದೇ ಆದರೆ ಬಡಿಸಲು ಶುರುಮಾಡುವ ಮುನ್ನ ಅವರ ಪಾಲನ್ನು ತೆಗೆದು ಬಿಸಿಯಾಗಿರುವಾಗಲೇ ಕಳುಹಿಸಿ. ಅಡುಗೆ ಇಳಿಸಿದ ಸಮಯವನ್ನು ಪಾತ್ರೆಯ ಮೇಲೆ ಬರೆದು, ಎಷ್ಟು ಹೊತ್ತಿನೊಳಗೆ ಉಣ್ಣಬೇಕೆಂದು ಹೇಳಿ. ಮಧ್ಯಾಹ್ನದ ಊಟವನ್ನು ರಾತ್ರಿಗೆ ಕಳುಹಿಸಬೇಡಿ. ಅಷ್ಟು ಹೊತ್ತಾಗಿದ್ದರೆ ಗೊಬ್ಬರದ ಗುಂಡಿಗೆ ಹಾಕಿ, ಬದಲಿಗೆ ಹಸಿ ಅಕ್ಕಿ-ಬೇಳೆ ಕೊಡಿ. "ಹಸುವಿಗೆ ಹಾಕಿದರಾಯಿತು" ಎನ್ನುವುದೂ ಜೀವದಯೆಯಲ್ಲ: ಒಮ್ಮೆಗೇ ಬಹಳ ಅನ್ನ ತಿಂದ ಹಸುವಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಕುತ್ತು ಬರುತ್ತದೆ.

ಊಟವಾದ 1ರಿಂದ 6 ಗಂಟೆಯೊಳಗೆ ವಾಂತಿ, ಅಥವಾ 6ರಿಂದ 15 ಗಂಟೆಯೊಳಗೆ ಭೇದಿ ಶುರುವಾದರೆ ಆಹಾರದ ವಿಷವಿರಬಹುದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಒಂದು ಲೀಟರಿನ ಒಆರ್‌ಎಸ್ ಪೊಟ್ಟಣ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ, ರಾತ್ರಿಯೆಂದು ಮಗುವಿಗೆ ನೀರು ನಿಲ್ಲಿಸಬೇಡಿ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್ ಸಂಖ್ಯೆ 108. ಏನು ತಿಂದದ್ದು, ಎಷ್ಟು ಹೊತ್ತಿಗೆ ಮಾಡಿದ್ದು ಎಂಬುದನ್ನು ವೈದ್ಯರಿಗೆ ಹೇಳಿ, ಪಾತ್ರೆಯಲ್ಲಿ ಉಳಿದದ್ದನ್ನು ಪರೀಕ್ಷೆಗೆಂದು ಮುಚ್ಚಿಡಿ.