ಕಣ್ತಪ್ಪಿದ ಹುಲಿಯ ಲೆಕ್ಕ

ಕ್ಯಾಮೆರಾ ಬರುವ ಮುಂಚೆ ಹುಲಿ ಗಣತಿಯೆಂದರೆ ಗಾಜಿನ ಹಲಗೆ, ಪೆನ್ನು, ಪ್ಲಾಸ್ಟರ್ ಆಫ್ ಪ್ಯಾರಿಸ್. ಒಡಿಶಾದ ಅರಣ್ಯಾಧಿಕಾರಿ ಎಸ್. ಆರ್. ಚೌಧರಿ 1960ರ ದಶಕದಲ್ಲಿ ರೂಪಿಸಿದ ಪದ್ಧತಿ. ಹಿಂಗಾಲಿನ ಹೆಜ್ಜೆಯ ಮೇಲೆ ಗಾಜಿಟ್ಟು ಅಂಚು ಬರೆದುಕೊಂಡು, ಇದು ಯಾವ ಹುಲಿ ಎಂದು ಗುರುತಿಸುವುದು. 1972ರಲ್ಲಿ ದೇಶದಲ್ಲಿ 1,827 ಹುಲಿಗಳಿವೆ ಎಂದು ಹೇಳಿದ್ದೂ ಹೆಜ್ಜೆ ನೋಡಿಯೇ. ಆದರೆ ಒಂದೇ ಕಾಲು ಕೆಸರಿನಲ್ಲಿ ಒಂದು ಅಳತೆ, ಧೂಳಿನಲ್ಲಿ ಇನ್ನೊಂದು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕಣ್ತಪ್ಪಿದ ಹುಲಿಗಳೆಷ್ಟು ಎಂದು ಕೇಳಲು ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನೇ. ಮೀನು, ಬಾತುಗಳನ್ನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಎಣಿಸುವ ಲೆಕ್ಕ ವಿಜ್ಞಾನಿಗಳಿಗೆ ಹಳೆಯದು. ಹುಲಿಗೆ ಗುರುತು ಹಾಕಬೇಕಿಲ್ಲ, ಒಂದೊಂದಕ್ಕೂ ಬೇರೆಯೇ ಪಟ್ಟೆಗಳಿವೆ; ಕ್ಯಾಮೆರಾದಲ್ಲಿ ಚಿತ್ರ ಸಿಕ್ಕರೆ ಹಿಡಿದಂತೆಯೇ. ಎರಡನೆಯ ಸಲ ಸಿಕ್ಕ ಹತ್ತರಲ್ಲಿ ಐದು ಮಾತ್ರ ಹಳೆಯವಾದರೆ, ಮೊದಲ ಸಲ ಅರ್ಧದಷ್ಟು ತಪ್ಪಿಸಿಕೊಂಡಿದ್ದವು ಎಂದಾಯಿತು. ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲೇ ಉತ್ತರದ ಕಾಡುಗಳಲ್ಲಿ, ಹುಲಿ ಎಡವಿದ ತಂತಿಯಿಂದಲೇ ಅದರ ಚಿತ್ರ ತೆಗೆಸಿದ್ದರು. ಅದನ್ನು ಲೆಕ್ಕವಾಗಿಸುವುದು ಬಾಕಿಯಿತ್ತು.

ನಾನು ಸ್ವಯಂಸೇವಕನಾಗಿ ಕ್ಯಾಮೆರಾ ಕಟ್ಟಲು ಹೋಗುತ್ತಿದ್ದಾಗ ಜಾಗ ತೋರಿಸುತ್ತಿದ್ದವರು ಜೇನುಕುರುಬ ಸಂಗಾತಿಗಳು. ಹುಲಿ ಉಚ್ಚೆ ಹೊಯ್ದ ಮರ, ಕೆರೆದ ನೆಲ, ಒಣಗಿದ ಹಿಕ್ಕೆ, ಎರಡು ಜಾಡು ಕೂಡುವ ತಿರುವು ಅವರಿಗೆ ಗೊತ್ತು. ದಾರಿಯ ಎರಡೂ ಬದಿ, ಮೊಣಕಾಲೆತ್ತರಕ್ಕೆ ಒಂದೊಂದು ಪೆಟ್ಟಿಗೆ. ಎಡ, ಬಲ ಮೈಯ ಪಟ್ಟೆಗಳು ಬೇರೆಬೇರೆಯಾದ್ದರಿಂದ ಎರಡೂ ಬೇಕು. ಮುಂದಿನ ಹುಲ್ಲು ಸವರಿದ ಮೇಲೆ ಒಬ್ಬರು ಅಂಗೈ, ಮಂಡಿಯೂರಿ ಅದರೆದುರು ನಡೆಯಬೇಕು. ಫ್ಲಾಶ್ ಹೊಳೆದರೆ ಸರಿ, ಇಲ್ಲದಿದ್ದರೆ ಮತ್ತೆ ಬಿಚ್ಚಿ ಕಟ್ಟುವುದು.

ಲೆಕ್ಕದ ಪ್ರಾಣ ಕ್ಯಾಮೆರಾಗಳ ನಡುವಿನ ಅಂತರದಲ್ಲಿದೆ. ಒಂದು ಹೆಣ್ಣು ಹುಲಿಯ ಸರಹದ್ದಿನಷ್ಟು ಕಾಡನ್ನು ಕ್ಯಾಮೆರಾ ಇಲ್ಲದೆ ಬಿಟ್ಟರೆ, ಅದು ಸಿಕ್ಕುವ ಸಂಭವವೇ ಇಲ್ಲ. ಒಂದೂವರೆ, ಎರಡು ತಿಂಗಳಲ್ಲಿ ಮುಗಿಸಬೇಕು; ಎಳೆದರೆ ಹುಟ್ಟು, ಸಾವು, ವಲಸೆಗಳು ನಡುವೆ ಬರುತ್ತವೆ. ಒಂದು ಚಿತ್ರವೂ ಬರದ ರಾತ್ರಿಯನ್ನೂ ತಪ್ಪದೆ ಬರೆದಿಡಬೇಕು.

ಕಾರಂತರು ವಿಜ್ಞಾನಿ ಜೇಮ್ಸ್ ನಿಕೊಲ್ಸ್ ಜೊತೆ 1998ರಲ್ಲಿ ನಾಲ್ಕು ಕಾಡುಗಳ ಅಂದಾಜು ಪ್ರಕಟಿಸಿದರು. ಅವುಗಳಲ್ಲಿ ಮೂರರದು ಹೀಗೆ: ನೂರು ಚದರ ಕಿಲೋಮೀಟರಿಗೆ ನಾಗರಹೊಳೆಯಲ್ಲಿ 11.5 ಹುಲಿ, ಕಾಜಿರಂಗದಲ್ಲಿ 16.8, ಪೆಂಚ್‌ನಲ್ಲಿ 4.1. ಪ್ರತಿ ಅಂಕಿಯ ಪಕ್ಕ, ಅದೆಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಇನ್ನೊಂದು ಅಂಕಿ. ಆ ಎರಡನೆಯ ಅಂಕಿಯ ಮೇಲೆ ನನಗೆ ಅಪಾರ ಗೌರವ.

ರಾಜಸ್ಥಾನದ ಸರಿಸ್ಕದಲ್ಲಿ ಹುಲಿಯೇ ಉಳಿದಿಲ್ಲವೆಂದು 2005ರಲ್ಲಿ ಗೊತ್ತಾದ ಮೇಲೆ ದೇಶ ಹೆಜ್ಜೆ ಗಣತಿಯನ್ನು ಕೈಬಿಟ್ಟಿತು. ಕ್ಯಾಮೆರಾಗಳನ್ನೂ ಬಳಸಿದ 2006ರ ಸಮೀಕ್ಷೆ ಕೊಟ್ಟ ಅಂದಾಜು 1,411.