ಎಂಟು ತಿಂಗಳು ಅನ್ನೋ ಅಂಕಿ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂದ್ರೆ ನೆಂಟರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಯಾವ ಸ್ಟೇಜು?" ಎರಡನೆಯದನ್ನು ಯಾರೂ ಬಾಯಿಬಿಟ್ಟು ಕೇಳಲ್ಲ: ಇನ್ನೆಷ್ಟು ದಿನ?

1982ರ ಜುಲೈನಲ್ಲಿ ಹಾರ್ವರ್ಡ್‌ನ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ ಹೊಟ್ಟೆಯ ಒಳಪೊರೆಯ ಮೀಸೋಥೀಲಿಯೋಮಾ ಪತ್ತೆಯಾಯಿತು. ವಯಸ್ಸು 40. ಹೆಚ್ಚಾಗಿ ಆಸ್ಬೆಸ್ಟಾಸ್ ಧೂಳಿನಿಂದ ಬರುವ ಅಪರೂಪದ ಕ್ಯಾನ್ಸರ್ ಇದು. ನಮ್ಮೂರ ಸಿಮೆಂಟ್ ಶೀಟುಗಳಲ್ಲಿ ಬೆರೆಸುತ್ತಾರಲ್ಲ, ಅದೇ ನಾರು. ಇದರ ಬಗ್ಗೆ ಏನು ಓದಲಿ ಅಂತ ಕೇಳಿದ್ದಕ್ಕೆ ಡಾಕ್ಟರು, ಓದುವಂಥದ್ದೇನೂ ಇಲ್ಲ ಅಂದರಂತೆ. ಸುಮ್ಮನಿರೋ ಆಸಾಮಿ ಅಲ್ಲ ಗೌಲ್ಡ್. ಓಡಾಡುವಷ್ಟು ಶಕ್ತಿ ಬಂದ ಕೂಡಲೇ ಲೈಬ್ರರಿಗೆ ಹೋಗಿ ಹುಡುಕಿದರು. ಗುಣವಾಗದ ಕಾಯಿಲೆ, ಪತ್ತೆಯಾದ ಮೇಲೆ ಬದುಕುವ ಅವಧಿಯ ಮೀಡಿಯನ್ 8 ತಿಂಗಳು. 15 ನಿಮಿಷ ಕಲ್ಲಿನ ಹಾಗೆ ಕೂತುಬಿಟ್ಟರು.

ಆಮೇಲೆ ಲೆಕ್ಕ ಶುರುವಾಯಿತು. ಮೀಡಿಯನ್ 8 ಅಂದ್ರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ. ಗ್ರಾಫಿನ ಎಡಕ್ಕೆ ಸೊನ್ನೆಯ ಗೋಡೆ ಇದೆ, ಬಲಕ್ಕೆ ಬಾಲ ವರ್ಷಗಟ್ಟಲೆ ಚಾಚಬಹುದು. (ಸರ್ವರ್ ನೋಡ್ಕೊಳ್ಳೋ ನಾವೂ ಪಿ50 ಒಂದನ್ನೇ ನಂಬಿ ಕೂರಲ್ಲ, ಪಿ99 ಎಷ್ಟು ಅಂತ ಕೇಳ್ತೀವಿ.) ತಾನು ಆ ಬಾಲದಲ್ಲಿರಬಹುದು ಅನ್ನೋದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ರೋಗ ಸಾಕಷ್ಟು ಮುಂಚೆಯೇ ಸಿಕ್ಕಿದೆ ಅನ್ನೋದು.

ಆದರೆ "ಮುಂಚೆ" ಅನ್ನೋದನ್ನ ಅಳೆಯೋದು ಹೇಗೆ? ಹೊಟ್ಟೆಯದ್ದಕ್ಕೆ ಆಗ ಎಲ್ಲರೂ ಒಪ್ಪಿದ ಅಳತೆಗೋಲೇ ಇರಲಿಲ್ಲ. ಎದೆಯದ್ದಕ್ಕೆ 1976ರಲ್ಲಿ ಇಂಗ್ಲೆಂಡಿನ ಸರ್ಜನ್ ಬುಚಾರ್ಟ್ ನಾಲ್ಕು ಹಂತ ಮಾಡಿದ್ದರು: ಒಂದೇ ಬದಿಯ ಪೊರೆಯೊಳಗಿದ್ದರೆ ಮೊದಲನೆಯದು, ರಕ್ತದ ಮೂಲಕ ದೂರದ ಅಂಗಗಳಿಗೆ ಹೋಗಿದ್ದರೆ ನಾಲ್ಕನೆಯದು. ಈ ಕ್ಯಾನ್ಸರ್ ಬರೀ ಗಂಟಾಗಿ ಬೆಳೆಯಲ್ಲ, ಹಣ್ಣಿನ ಸಿಪ್ಪೆಯ ಹಾಗೆ ಹರಡುತ್ತೆ. ಹಾಗಾಗಿ ಸ್ಕ್ಯಾನಿನಲ್ಲಿ ಮೊದಲ ಹಂತ ಅಂದದ್ದು ಆಪರೇಷನ್ನಿನಲ್ಲಿ ಮುಂದಿನ ಹಂತ ಅಂತ ತಿಳಿಯೋದುಂಟು.

2012ರಲ್ಲಿ ನಾಲ್ಕು ಖಂಡಗಳ 3,101 ರೋಗಿಗಳ ದಾಖಲೆ ಒಟ್ಟುಮಾಡಿ ನೋಡಿದಾಗ ಮೊದಲ ಹಂತದವರ ಮೀಡಿಯನ್ 21 ತಿಂಗಳು, ನಾಲ್ಕನೆಯದರಲ್ಲಿ 12. ವ್ಯತ್ಯಾಸ ಇದೆ, ಆದರೆ ಬರೀ 9 ತಿಂಗಳು. ಅದರಲ್ಲೂ ಬೇಗ ಪತ್ತೆಯಾದವರ ಗಡಿಯಾರ ಬೇಗ ಶುರುವಾಗಿರುತ್ತೆ, ಅದನ್ನೂ ಕಳೀಬೇಕು. ಸ್ಟೇಜು ಗ್ರಾಫನ್ನು ಸ್ವಲ್ಪ ಸರಿಸುತ್ತೆ, ಯಾರ ತಾರೀಖನ್ನೂ ಬರೆಯಲ್ಲ.

ಗೌಲ್ಡ್ 1985ರಲ್ಲಿ ಇದನ್ನೆಲ್ಲ ಪ್ರಬಂಧವಾಗಿ ಬರೆದರು. ತೀರಿಕೊಂಡಿದ್ದು 2002ರ ಮೇ 20ರಂದು, ಬೇರೆಯದೇ ಕ್ಯಾನ್ಸರಿನಿಂದ. ವಿಕಾಸವಾದದ ಬಗ್ಗೆ ಅವರ 1,400ಕ್ಕೂ ಹೆಚ್ಚು ಪುಟಗಳ ಪುಸ್ತಕ ಅದೇ ವರ್ಷ ಅಚ್ಚಾಗಿ ಬಂದಿತ್ತು.